ಕಹಿ ಬಿಟ್ಟ ಹುಲ್ಲು

ಮಾರ್ಚ್ 4

ಹಾಲು ಕಡಿಮೆ, ಇವತ್ತೂ. ಕಪ್ಪು ಬಿಳುಪಿನ ಹಸು ಪಟ್ಟೆ ಬಿಸಿಲಿಗೆ ಬರಲೊಲ್ಲದು. ಹಗ್ಗ ಎಳೆದರೆ ಗೋಡೆಗೆ ಒರಗಿ ನಿಲ್ಲುತ್ತದೆ.

"ಕೊಬ್ಬು," ಎಂದಳು ಅಕ್ಕ. "ಮಹಾರಾಣಿಗೆ ಇನ್ನು ಕೊಡೆ ಹಿಡೀಬೇಕು."

ಕಪ್ಪಿ ಚೆನ್ನಾಗಿದೆ. ಏಳು ತಿಂಗಳ ಗಬ್ಬ. ನಮಗಿರುವುದು ಇವೆರಡೇ ಹಸು.

ಒಣಹುಲ್ಲಿನ ಎಳೆಯೊಂದನ್ನು ಅಗಿದು ನೋಡಿಯೇ ಅಕ್ಕ ಮೇವು ಹಾಕಿದಳು, ಎಂದಿನಂತೆ. ಕಹಿಯಾದದ್ದು, ಬೂಸಲು ಹಿಡಿದದ್ದು ಅವಳ ನಾಲಿಗೆ ದಾಟುವುದಿಲ್ಲ.

ಮಾರ್ಚ್ 7, ಸಂಜೆ

ಪಟ್ಟೆಯ ಚರ್ಮ ಸುಲಿದು ಬರುತ್ತಿದೆ. ಬಿಳಿ ಇರುವಲ್ಲಿ ಮಾತ್ರ — ಕಪ್ಪು ಮಚ್ಚೆಯ ಅಂಚಿಗೆ ಸರಿಯಾಗಿ ನಿಂತಿದೆ. ಯಾರೋ ಗೆರೆ ಎಳೆದು ಸುಟ್ಟ ಹಾಗೆ. ಡಾಕ್ಟರಿಗೆ ಫೋನ್ ಮಾಡಿದೆ.

ಮಾರ್ಚ್ 8

ಡಾಕ್ಟರ್ ಪಟ್ಟೆಯ ಕಣ್ಣರೆಪ್ಪೆ ಮಗುಚಿದರು. ಒಳಗೆ ಹಳದಿ. ಲಿವರ್ ಹೋಗಿದೆ ಎಂದರು. ಲಿವರ್ ಕೆಟ್ಟರೆ ಬಿಳಿ ಚರ್ಮವನ್ನು ಬಿಸಿಲೇ ಸುಡುತ್ತದಂತೆ. ಆಮೇಲೆ ಮೇವು ಕೆದಕಿ ಒಂದು ಕಡ್ಡಿ ಎಳೆದರು. ಒಣಗಿದ ಹಳದಿ ಹೂ. ಹುಲ್ಲುಗಾವಲಿನ ಕಳೆ. ಈ ಸಲ ಆರಿಸದೆ ಎಲ್ಲವನ್ನೂ ಒಟ್ಟಿಗೆ ಕೊಯ್ದಿದ್ದೆವು.

"ಅದನ್ನ ಇವು ಮೂಸೂ ನೋಡಲ್ಲ ಸಾರ್," ಎಂದಳು ಅಕ್ಕ. "ಅಷ್ಟು ಕಹಿ."

"ಹಸಿಯಾಗಿದ್ದಾಗ ಕಹಿ ಕಣಮ್ಮ. ಒಣಗಿದ್ರೆ ಕಹಿ ಹೋಗುತ್ತೆ. ವಿಷ ಹೋಗಲ್ಲ."

ಅಕ್ಕ ಮುಂಗೈಯಿಂದ ತುಟಿ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

"ಇವಳು ದಿನಾ ಅಗಿದು ನೋಡ್ತಾಳೆ," ಎಂದೆ.

"ಒಂದು ಎಳೆ ತಾನೇ, ಹೊರೆಗಟ್ಟಲೆ ತಿಂದಿಲ್ವಲ್ಲ. ಗಾಬರಿ ಬೇಡ."

ಕಪ್ಪಿ ತಿಂದದ್ದೂ ಅದೇ ಮೇವು. ವಿಷ ವಾರಗಳು ಕಳೆದ ಮೇಲೂ ತೋರಬಹುದಂತೆ. "ಇದಕ್ಕೆ ಬಿಳಿ ಚರ್ಮವೇ ಇಲ್ಲ, ಸುಟ್ಟು ತೋರಲ್ಲ. ಕಣ್ಣು ನೋಡ್ತಾ ಇರಿ."

ಮಾರ್ಚ್ 11

ಪಟ್ಟೆ ಹೋಯಿತು. ಹುಲ್ಲು ಸುಟ್ಟೆವು, ಒಂದು ಕಡ್ಡಿಯೂ ಉಳಿಯದಂತೆ.

ಮಾರ್ಚ್ 29

ಸಾರಿಗೆ ಉಪ್ಪು ಸಾಕೇ ಎಂದು ಅಕ್ಕ ನನ್ನನ್ನು ಕೇಳುತ್ತಾಳೆ. ತಾನು ರುಚಿ ನೋಡುವುದಿಲ್ಲ.

ಬೆಳಿಗ್ಗೆ ಸಂಜೆ ಕಪ್ಪಿಯ ರೆಪ್ಪೆ ಮಗುಚುತ್ತೇವೆ. ನನಗೆ ಕಾಣುವುದು ಗುಲಾಬಿ. ಅವಳಿಗೆ ಹಳದಿ.

"ನಿನ್ನ ಕಣ್ಣು ಸರಿಯಿಲ್ಲ ಕಣೇ," ಎಂದಳು.

ನಿನ್ನ ನಾಲಿಗೆ — ಎಂದು ಬಾಯಿಗೆ ಬಂದದ್ದನ್ನು ನುಂಗಿದೆ.

ಏಪ್ರಿಲ್ 2, ಬೆಳಿಗ್ಗೆ

ಕಪ್ಪಿ ಹೊರಗೆ ಬರುತ್ತಿಲ್ಲ. ಗಬ್ಬದ ಭಾರವಿರಬಹುದು. ಸೋಮಾರಿತನವಿರಬಹುದು... ಅಕ್ಕ ಅದರ ತಲೆ ಹಿಡಿದು ನಿಂತಿದ್ದಾಳೆ. ಟಾರ್ಚ್ ತರಲು ಒಳಗೆ ಬಂದವಳು ಕೂತು ಬರೆಯುತ್ತಿದ್ದೇನೆ. ಎದ್ದರೆ ನೋಡಬೇಕಾಗುತ್ತದೆ.

ಕೂಗುತ್ತಿದ್ದಾಳೆ. "ಟಾರ್ಚ್ ಬೇಡ ಬಾರೇ. ಹಾಗೇ ಕಾಣ್ತಿದೆ."

ಏನು ಕಾಣ್ತಿದೆ ಎಂದು ಇಲ್ಲಿಂದಲೇ ಕೂಗಿ ಕೇಳಿದೆ. ಇನ್ನೂ ಎದ್ದಿಲ್ಲ.