ಮೇಲಿನ ಕೋಣೆಯ ಫೋಟೋ

ರೀ,

ರಾತ್ರಿ ಬಸ್ ಓಡಿಸಿ ನೀವು ಮನೆಗೆ ಬರುವಷ್ಟರಲ್ಲಿ ನಾನು ಗೆಂಡೆಹಳ್ಳಿ ಶಾಲೆಗೆ ಹೊರಟಿರುತ್ತೇನೆ. ಹೋಂಸ್ಟೇಗೆ ಅಂತ ಕಟ್ಟಿಸಿದ ಮೇಲಿನ ಕೋಣೆಯ ಫೋಟೋ ತೆಗೆಯಲು ಹತ್ತು ಗಂಟೆಗೆ ಹಾಸನದಿಂದ ಶಶಿಧರ್ ಅನ್ನುವವರು ಬರುತ್ತಾರೆ. ನನ್ನ ಫೋನಿನಲ್ಲಿ ತೆಗೆದರೆ ಕೋಣೆ ಕೋಳಿಗೂಡಿನ ಹಾಗೆ ಕಂಡಿತು, ಅದಕ್ಕೇ ಕರೆಸಿದೆ. ನಿಮ್ಮನ್ನು ಕೇಳದೆ ಕರೆಸಿದ್ದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ.

ಎಷ್ಟೇ ನಿದ್ದೆ ಬಂದರೂ ಅಲ್ಲಿನ ಮಂಚದ ಮೇಲೆ ಮಾತ್ರ ಮಲಗಬೇಡಿ. ಬಿಳಿ ಬೆಡ್‌ಶೀಟನ್ನು ಎರಡು ಸಲ ಇಸ್ತ್ರಿ ಮಾಡಿದ್ದೇನೆ. ಕೆಳಗಿನ ಮನೆಯಲ್ಲಿ ಚಾಪೆ ಹಾಸಿದ್ದೇನೆ. ರೊಟ್ಟಿ, ಹುಚ್ಚೆಳ್ಳು ಚಟ್ನಿ ಡಬ್ಬಿಯಲ್ಲಿವೆ, ತಿಂದೇ ಮಲಗಿ.

ದೇವಸ್ಥಾನದ ಗೋಪುರ ಕಾಣುವ ಆ ಕೋಣೆಯ ಬಾಲ್ಕನಿಯಲ್ಲಿ ಎರಡು ಕಾಫಿ ಲೋಟ ಇಡಬೇಕಂತೆ. "ಗಂಡ ಹೆಂಡ್ತಿ ಈಗಷ್ಟೇ ಎದ್ದು ಹೋದ ಹಾಗೆ ಕಾಣ್ಬೇಕು ಮೇಡಂ" ಅಂತ ಶಶಿಧರ್ ಫೋನಿನಲ್ಲಿ ಅಂದರು. ಹೂಂ ಅಂದೆ. ನಾವಿಬ್ಬರೂ ಅಲ್ಲಿ ಒಂದು ದಿನವೂ ಜೊತೆಯಲ್ಲಿ ಕೂತಿಲ್ಲ ಅಂತ ಅವರಿಗೆ ಹೇಳಲಾಗಲಿಲ್ಲ.

ಇಂಟರ್ನೆಟ್ಟಿನಲ್ಲಿ ಫೋಟೋ ಹಾಕಿದ ಮೇಲೆ ಅದು ಬಂದು ಹೋಗುವವರ ಕೋಣೆ. ನಿಮ್ಮ ಡಿಪೋದ ಇನ್ನೊಬ್ಬ ಡ್ರೈವರ್ ಜವರಪ್ಪನವರು ಇವತ್ತು ರಾತ್ರಿಯ ಡ್ಯೂಟಿ ಬದಲಾಯಿಸಿಕೊಳ್ಳುತ್ತಾರಾ ಅಂತ ಒಂದು ಮಾತು ಕೇಳಿ ನೋಡಿ. ಆಗಲ್ಲ ಅಂದರೆ ನನಗೆ ಫೋನ್ ಮಾಡಿ ಹೇಳಬೇಡಿ. ಸಂಜೆ ಬಾಗಿಲು ತೆಗೆಯುವವರೆಗೂ ನೀವು ಮನೆಯಲ್ಲಿದ್ದೀರಿ ಅಂದುಕೊಂಡೇ ಬರುತ್ತೇನೆ.

ಲತಾ