ಹಿಮದೂರಿಗೆ ಒಯ್ದ ಹಂಡೆ

ರಾಯಚೂರು
ಡಿಸೆಂಬರ್ ೩೮, ೨೨೧೭

ನೂರು ವರ್ಷದ ನಂತರ ನಮ್ಮ ಕಾಲೇಜಿನ ಆಟದ ಸಾಮಾನು ಕೋಣೆಯ ಕೀಲಿಕೈ ಹಿಡಿದವರಿಗೆ, ಇಂದು ಆ ಕೀಲಿಕೈ ಹಿಡಿದಿರುವ ಅಂಬ್ರಮ್ಮನ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ, ಬರೆದದ್ದು ತಪ್ಪಿಲ್ಲ. ನಮ್ಮ ಕಾಲದಲ್ಲಿ ಡಿಸೆಂಬರಿಗೆ ನಲವತ್ತು ದಿನ. ರಾಯಚೂರಿನ ಮಂದಿ ಹಗಲಲ್ಲಿ ಹೊರಗೆ ಕಾಲಿಡಬಹುದಾದ ತಿಂಗಳು ಅದೊಂದೇ ಎಂದು ಪಂಚಾಂಗ ಕಚೇರಿಯವರು ಮೇ ತಿಂಗಳಿನಿಂದ ಒಂಬತ್ತು ದಿನ ಕಿತ್ತು ಇದಕ್ಕೆ ಹೊಲಿದಿದ್ದಾರೆ. ಹಾಗೆ ಹೊಲಿದರೆ ಬಿಸಿಲು ಕಡಿಮೆಯಾಗುತ್ತದೆಯೇ ಎಂದು ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ, ತೊಡಕು ಕಂಡಲ್ಲಿ ಬಿಡಿಸಿ ಹೇಳುತ್ತಾ ಹೋಗುತ್ತೇನೆ. ಪತ್ರವನ್ನು ಮುಂದಂಚೆಗೆ ಹಾಕುತ್ತಿದ್ದೇನೆ. ಮುಂದಂಚೆ ಎಂದರೆ ಕಾಗದವನ್ನು ನೂರು ವರ್ಷ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಆಮೇಲೆ ತಲುಪಿಸುವ ಅಂಚೆ. ಕಿಟಕಿಯಲ್ಲಿ ಕೂತ ಗುಮಾಸ್ತ ಯಾರ ಕಾಗದವನ್ನೂ ಬಿಚ್ಚಿ ಓದುವುದಿಲ್ಲ ಎಂದು ಆಣೆ ಮಾಡಿದ. ಕೇಳುವ ಮೊದಲೇ ಆಣೆ ಮಾಡುವವರನ್ನು ನಾನು ನಂಬುವುದಿಲ್ಲ. ಲಕೋಟೆಗೆ ಎರಡು ಪದರ ಅರಗು ಹಾಕಿದ್ದೇನೆ, ನಿಮ್ಮ ಕೈಗೆ ಬಂದಾಗ ಒಂದೇ ಪದರವಿದ್ದರೆ ಅವನು ಓದಿದ್ದಾನೆಂದೇ ಲೆಕ್ಕ.

ನಾನು ಇಪ್ಪತ್ತಾರು ವರ್ಷದಿಂದ ಈ ಕೋಣೆಯಲ್ಲಿದ್ದೇನೆ. ಬೂಟು, ಅಂಗಿ, ಚೆಂಡು, ಕೈಗವಸು ಎಲ್ಲಕ್ಕೂ ನಾನೇ ಜವಾಬ್ದಾರಿ, ಹುಡುಗಿಯರ ಫುಟ್‌ಬಾಲ್ ತಂಡ ಪರ ಊರಿಗೆ ಹೋದಾಗ ಜೊತೆಗೆ ಹೋಗುವ ಹಿರಿಯಳೂ ನಾನೇ. ಹದಿನೆಂಟು ದಿನದ ಹಿಂದೆ ಸ್ಪಿತಿ ಕಣಿವೆಯ ಒಂದು ಊರಿನಲ್ಲಿ ಆಡಿದ ಪಂದ್ಯದಲ್ಲಿ ನಮ್ಮ ಗೋಲ್‌ಕೀಪರ್ ಹುಲಿಗೆಮ್ಮ ಬಲಗೈಯ ಮೂರು ಬೆರಳಿನ ತುದಿ ಕಳೆದುಕೊಂಡಳು. ಅವಳಿಗೆ ಇಪ್ಪತ್ತು ವರ್ಷ. ಇದು ಯಾರ ತಪ್ಪು ಎಂದು ನಾಳೆ ಬೆಳಿಗ್ಗೆ ಲೀಗಿನ ಮಂಡಳಿ ವಿಚಾರಣೆ ನಡೆಸುತ್ತದೆ. ನಾನು ಅಲ್ಲಿ ಏನು ಹೇಳುತ್ತೇನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ, ಡ್ರೆಸ್ಸಿಂಗ್ ರೂಮಿನಲ್ಲಿದ್ದ ಹಿರಿಯಳು ನಾನೊಬ್ಬಳೇ.

ಮೊದಲು ನೀರುಡುಗೆಯ ವಿಷಯ ಹೇಳಬೇಕು. ನಿಮ್ಮ ಕಾಲಕ್ಕೆ ರಾಯಚೂರು ತಂಪಾಗಿದ್ದರೆ ನಿಮಗೆ ಆ ಪದ ಗೊತ್ತಿರಲಾರದು. ಇಲ್ಲಿ ಮನೆಯಿಂದ ಹೊರಡುವ ಯಾರೇ ಆಗಲಿ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಉಟ್ಟುಕೊಂಡೇ ಹೊರಡುತ್ತಾರೆ. ಮದುಮಗಳ ಸೀರೆಗೂ ಇದೇ ನಿಯಮ. ಊರಿನ ಬೀದಿಗಳಿಗೆಲ್ಲ ಈಗ ಚಾವಣಿಯಿದೆ, ನೆಳಲುದಾರಿ ಎನ್ನುತ್ತೇವೆ, ಆದರೂ ಅಂಗಿ ಒದ್ದೆಯಿಲ್ಲದೆ ಮೂರು ಬೀದಿ ದಾಟಿದವರು ತಲೆ ಹಿಡಿದುಕೊಂಡು ಕೂರುತ್ತಾರೆ. ಆಟಕ್ಕೆ ಮೊದಲು ತಾಮ್ರದ ಹಂಡೆಯಲ್ಲಿ ಹನ್ನೊಂದು ಅಂಗಿ ಅದ್ದುವುದು ನನ್ನ ಕೆಲಸ. ಗೋಲ್‌ಕೀಪರಿನ ಕೈಗವಸನ್ನು ಮಾತ್ರ ಕೊನೆಗೆ ಅದ್ದಿ, ನಾನೇ ಅವಳ ಕೈಗೆ ತೊಡಿಸಿ, ಮಣಿಕಟ್ಟಿನಲ್ಲಿ ಬಿಗಿಯುತ್ತೇನೆ. ಒದ್ದೆ ಕೈಗವಸಿಗೆ ಚೆಂಡು ಅಂಟಿಕೊಳ್ಳುತ್ತದೆ. ನನಗಿಂತ ಮೊದಲು ಈ ಕೋಣೆಯಲ್ಲಿದ್ದವರು ಹಾಗೇ ಮಾಡುತ್ತಿದ್ದರು, ನಾನೂ ಒಂದು ಪಂದ್ಯಕ್ಕೂ ತಪ್ಪಿಸಿದವಳಲ್ಲ.

ನಮ್ಮ ಲೀಗಿನಲ್ಲಿ ಬಯಲಿನ ಕಾಲೇಜುಗಳೂ ಬೆಟ್ಟದ ಕಾಲೇಜುಗಳೂ ಇವೆ. ಮೊದಲ ಸುತ್ತು ಅಕ್ಟೋಬರಿನಲ್ಲಿ ನಮ್ಮ ಕಡೆ, ಕೊನೆಯ ಸುತ್ತು ಡಿಸೆಂಬರಿನಲ್ಲಿ ಅವರ ಕಡೆ. ಕಳೆದ ಹತ್ತೊಂಬತ್ತು ವರ್ಷಗಳಲ್ಲಿ ಬಯಲಿನ ಯಾವ ತಂಡವೂ ಕೊನೆಯ ಸುತ್ತಿನಲ್ಲಿ ಬೆಟ್ಟದಿಂದ ಸೋಲದೆ ಬಂದಿಲ್ಲ. ಚಳಿಯೊಂದೇ ಇಷ್ಟು ಕೆಲಸ ಮಾಡುತ್ತದೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಚೆಂಡನ್ನು ಹಿಂದಿನ ದಿನ ಹಿಮದಲ್ಲಿ ಹೂತಿಡುತ್ತಾರೆ, ಅತಿಥಿಗಳ ಚಹಾದಲ್ಲಿ ನಿದ್ದೆ ಬರುವುದೇನೋ ಬೆರೆಸುತ್ತಾರೆ ಎಂದು ಸಾಮಾನು ಕೋಣೆಯವರೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಯಾರೂ ಕಣ್ಣಾರೆ ಕಂಡವರಲ್ಲ, ಆದರೂ ನಂಬದವರು ಒಬ್ಬರೂ ಇರಲಿಲ್ಲ.

ನಮ್ಮ ಕಾಲೇಜು ಕೊನೆಯ ಸುತ್ತಿಗೆ ಏರಿದ್ದು, ಬೆಟ್ಟ ಹತ್ತಿದ್ದು ಇದೇ ಮೊದಲು. ಈ ಸಲ ಬರಿಯ ಡ್ರಾ ಮಾಡಿಕೊಂಡರೂ ನಾವು ಫೈನಲಿಗೆ ಹೋಗುತ್ತಿದ್ದೆವು. ಗಾಳಿಬಂಡಿಯಲ್ಲಿ ನಾಲ್ಕು ತಾಸಿನ ಹಾದಿ. ಐವತ್ತು ಮಂದಿ ಕೂರುವ, ರೆಕ್ಕೆಯಿಲ್ಲದೆ ಹಾರುವ ಬಂಡಿ ಅದು. ರಾಯಚೂರಿನಲ್ಲಿ ಹತ್ತುವಾಗ ಮೂವತ್ತೆಂಟು ಡಿಗ್ರಿ, ಅಲ್ಲಿ ಇಳಿಯುವಾಗ ಸೊನ್ನೆಗಿಂತ ಒಂಬತ್ತು ಕೆಳಗೆ. ಹುಡುಗಿಯರು ಬಾಯಿಂದ ಹೊಗೆ ಬರುವುದನ್ನು ನೋಡಿ ನಕ್ಕೂ ನಕ್ಕೂ ಸುಸ್ತಾದರು. ನಾನು ನಗಲಿಲ್ಲ. ಹಂಡೆಯನ್ನು ಗೋಣಿಯಲ್ಲಿ ಸುತ್ತಿ ತಂದಿದ್ದೆ, ಅದನ್ನು ನೆಲಕ್ಕೆ ಇಳಿಸುವ ಮೊದಲೇ ನಮ್ಮನ್ನು ಎದುರುಗೊಳ್ಳಲು ಬಂದ ಹೆಂಗಸಿನ ಮುಖ ನೋಡಿದೆ. ಆಕೆ ಪದ್ಮಾ, ಆ ಕಾಲೇಜಿನ ಸಾಮಾನು ಕೋಣೆಯವಳು, ನನ್ನ ವಯಸ್ಸಿನವಳೇ. ಕೈಯಲ್ಲಿ ಬೆಣ್ಣೆ ಚಹಾದ ದೊಡ್ಡ ಕೆಟಲ್ ಇತ್ತು. ಅಷ್ಟೊಂದು ಪ್ರೀತಿ ಯಾಕೆ ಎಂದು ನನಗೆ ಆಗಲೇ ಅನುಮಾನ ಬಂತು.

ನಾನು ಯಾಕೆ ಅಷ್ಟು ಅನುಮಾನಪಟ್ಟೆ ಎಂಬುದನ್ನು ಇಲ್ಲೇ ಬರೆದುಬಿಡುತ್ತೇನೆ, ಮುಂದಕ್ಕೆ ತಳ್ಳಿದರೆ ಬರೆಯಲಾರೆ. ಅಕ್ಟೋಬರಿನಲ್ಲಿ ಪದ್ಮಾಳ ತಂಡ ಮೊದಲ ಬಾರಿಗೆ ರಾಯಚೂರಿಗೆ ಬಂದಿತ್ತು. ಅವರಿಗೆ ಪಡುವಣ ಗೋಡೆಯ ಕೋಣೆ ಕೊಟ್ಟವಳು ನಾನು, ಮಧ್ಯಾಹ್ನ ಆ ಗೋಡೆಯ ಮೇಲೆ ರೊಟ್ಟಿ ಬೇಯಿಸಬಹುದು. ಆಟಕ್ಕೆ ಮೊದಲು ನಮ್ಮ ಹುಡುಗಿಯರ ಅಂಗಿ ಒದ್ದೆಯಾಗಿದ್ದುದನ್ನು ಕಂಡು ಪದ್ಮಾ ಕಾರಣ ಕೇಳಿದಳು. ಒಗೆದದ್ದು ಒಣಗಿಲ್ಲ ಎಂದೆ. ಅವರ ಹುಡುಗಿಯರು ಒಣ ಅಂಗಿಯಲ್ಲಿ ಬಯಲಿಗಿಳಿದರು, ಇಬ್ಬರು ಅರ್ಧ ತಾಸಿನೊಳಗೆ ಕುಸಿದು ಬಿದ್ದರು. ನಾವು ನಾಲ್ಕು ಗೋಲುಗಳಿಂದ ಗೆದ್ದೆವು. ಹೊರಡುವಾಗ ಪದ್ಮಾ ಮಜ್ಜಿಗೆ ಕೊಟ್ಟಿದ್ದಕ್ಕೆ ನನಗೆ ಕೈಮುಗಿದು ಹೋಗಿದ್ದಳು. ಅಂಥವಳು ಚಹಾ ಹಿಡಿದು ನಿಂತರೆ, ಸೇಡು ತೀರಿಸಿಕೊಳ್ಳಲು ಬಂದಿದ್ದಾಳೆಂದಲ್ಲದೆ ನನಗೆ ಇನ್ನೇನು ಹೊಳೆಯಬೇಕು?

ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಪದ್ಮಾ ತಂದ ಚಹಾವನ್ನು ಯಾರಿಗೂ ಮುಟ್ಟಗೊಡದೆ ಕೆಟಲ್ ಸಮೇತ ತಿರುಗಿಸಿ ಕಳಿಸಿದೆ. ಮನೆಯಿಂದ ಕಟ್ಟಿಕೊಂಡು ಹೋದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ರೊಟ್ಟಿ ಹಲಗೆಯಂತೆ ಸೆಟೆದಿತ್ತು, ಅದನ್ನೇ ಕಡಿದು ತಿಂದರು. ಕೋಣೆಯ ನಡುವೆ ಒಲೆ ಉರಿಯುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಬೆಂಕಿ ಇಟ್ಟಿದ್ದು ಉಸಿರುಗಟ್ಟಿಸಲೆಂದೇ ಎಂದು ಎರಡೂ ಕಿಟಕಿ ತೆರೆಸಿದೆ. ಹುಡುಗಿಯರ ಹಲ್ಲು ಕಟಕಟ ಎನ್ನುತ್ತಿತ್ತು. ಇಷ್ಟಾದರೂ ಅಂಗಿಗಳನ್ನು ಒದ್ದೆ ಮಾಡುವಷ್ಟು ದಡ್ಡಿ ನಾನಲ್ಲ, ಅವನ್ನು ಒಣಗಿದ್ದಂತೆಯೇ ಕೊಟ್ಟೆ. ಆದರೆ ಕೈಗವಸಿನ ಮಾತು ಬೇರೆ, ಅದು ಚೆಂಡು ಹಿಡಿಯುವ ವಿಚಾರ. ಹಂಡೆಗೆ ಬಿಸಿನೀರು ಹಾಕಿಸಿದೆ. ಬಿಸಿನೀರಾದರೆ ಕೈ ಬೆಚ್ಚಗಿರುತ್ತದೆ, ಚೆಂಡೂ ಅಂಟುತ್ತದೆ ಎಂಬುದು ನನ್ನ ಜಾಣತನ.

ಅಷ್ಟರಲ್ಲಿ ಪದ್ಮಾ ಎರಡನೇ ಸಲ ಬಾಗಿಲಿಗೆ ಬಂದಳು. ನಮ್ಮ ಕಿವಿಯಲ್ಲಿ ಕಿವಿದುಭಾಷಿ ಇರುತ್ತದೆ, ಕಡಲೆಕಾಳಿನಷ್ಟು ದೊಡ್ಡ ಯಂತ್ರ. ಎದುರಿನವರು ಯಾವ ಭಾಷೆಯಲ್ಲಿ ಆಡಿದರೂ ಶಾಲೆಯ ಪುಸ್ತಕದ ಕನ್ನಡ ಮಾಡಿ ಒಪ್ಪಿಸುತ್ತದೆ. "ದಯವಿಟ್ಟು ಕೈಗವಸುಗಳನ್ನು ಒದ್ದೆ ಮಾಡಬೇಡಿ. ಈ ಉಣ್ಣೆಯದನ್ನು ಒಳಗೆ ತೊಡಿಸಿ. ಇದು ಒಣಗಿದೆ" ಎಂದು ಆಕೆ ಒಂದು ಜೊತೆ ದಪ್ಪ ಉಣ್ಣೆಗವಸು ಚಾಚಿದಳು. ಉಣ್ಣೆ ಒಳಗಿದ್ದರೆ ಹಿಡಿತ ಸಡಿಲವಾಗುತ್ತದೆ, ಚೆಂಡು ಜಾರುತ್ತದೆ, ಗೋಲು ಅವರದಾಗುತ್ತದೆ. ಇಷ್ಟು ಸರಳ ಮೋಸವೇ ಎಂದು ನನಗೆ ನಗು ಬಂತು. "ನಮ್ ಹುಡ್ಗ್ಯಾರ ಕೈ ನಮಗ ಗೊತ್ತದ. ನೀ ನಿಮ್ಮವ್ರನ್ನ ನೋಡ್ಕೊ ಹೋಗವ್ವ" ಎಂದೆ. ಹುಲಿಗೆಮ್ಮ ಆ ಉಣ್ಣೆಯ ಕಡೆ ಒಮ್ಮೆ ನೋಡಿದಳು, ಆಮೇಲೆ ನನ್ನ ಕಡೆ ನೋಡಿ ಕೈ ಮುಂದೆ ಮಾಡಿದಳು. ನಾನು ಒದ್ದೆ ಕೈಗವಸು ತೊಡಿಸಿ, ಎಂದಿನಂತೆ ಬಿಗಿದೆ.

ಮೊದಲರ್ಧದಲ್ಲಿ ಅವಳು ಮೂರು ಗೋಲು ತಡೆದಳು. ಮೈದಾನದಲ್ಲಿ ಓಡುವವರಿಗೆ ಮೈ ಕಾಯುತ್ತದೆ, ಗೋಲಿನ ಮುಂದೆ ನಿಂತವಳಿಗೆ ನಿಲ್ಲುವುದೇ ಕೆಲಸ. ವಿರಾಮದಲ್ಲಿ ಬಂದಾಗ, "ಅಕ್ಕಾ, ಮೊದ್ಲ ಭಾಳ ಉರೀತಿತ್ತು. ಈಗ ಆರಾಮದೀನಿ, ಏನೂ ಗೊತ್ತಾಗವಲ್ದು" ಎಂದಳು. ಏನೂ ಗೊತ್ತಾಗುತ್ತಿಲ್ಲ ಎಂದರೆ ಒಳ್ಳೆಯದಾಯಿತು ಎಂದುಕೊಂಡೆ ನಾನು, ದೇವರು ನನ್ನನ್ನು ಕ್ಷಮಿಸಲಿ. ಸುಡುವುದನ್ನು ಬಿಟ್ಟು ಬೇರೆ ನೋವು ನೋಡದ ಊರಿನವಳು ನಾನು, ಚಳಿ ಬೆರಳನ್ನು ಕೊಲ್ಲುವ ಮೊದಲು ನೋವನ್ನು ಕೊಲ್ಲುತ್ತದೆಂದು ನನಗೆ ತಿಳಿದಿರಲಿಲ್ಲ. ಕೈಗವಸು ಗಟ್ಟಿಯಾಗಿತ್ತು, ಅದನ್ನು ಕಳಚದೆ ಕೈ ಸಮೇತ ಹಂಡೆಯಲ್ಲಿ ಮತ್ತೊಮ್ಮೆ ಅದ್ದಿಸಿ ಕಳಿಸಿದೆ. ಪದ್ಮಾ ಮೂರನೇ ಸಲ ಬಂದಳು, ಈ ಸಲ ದಯವಿಟ್ಟು ಎನ್ನಲಿಲ್ಲ. "ಕಳಚಿರಿ! ಅದನ್ನು ಕಳಚಿರಿ!" ಎಂದು ಕೂಗಿದಳು. ನಾನು ಬಾಗಿಲು ಹಾಕಿಕೊಂಡೆ.

ಪಂದ್ಯ ಗೋಲಿಲ್ಲದೆ ಮುಗಿಯಿತು. ಹುಡುಗಿಯರು ಕುಣಿಯುತ್ತಿದ್ದರು, ಹತ್ತೊಂಬತ್ತು ವರ್ಷದ ಶಾಪ ಮುರಿದಿತ್ತು. ಹುಲಿಗೆಮ್ಮ ಮಾತ್ರ ಕೈಗಳನ್ನು ಮುಂದೆ ಚಾಚಿಕೊಂಡು ಬಂದಳು, ಯಾರದೋ ಸಾಮಾನು ಹೊತ್ತು ತಂದವಳಂತೆ. ಎಳೆದರೂ ಕೈಗವಸು ಕಳಚಿ ಬರಲಿಲ್ಲ. ಪದ್ಮಾ ಕೇಳದೆಯೇ ಒಳಗೆ ನುಗ್ಗಿ ಕತ್ತರಿಯಿಂದ ಕತ್ತರಿಸಿದಳು. ಬಲಗೈಯ ಬೆರಳು ಮೇಣದಂತೆ ಬೆಳ್ಳಗಿದ್ದವು. ನಾನು ಆ ಕೈ ಹಿಡಿದು ಉಜ್ಜಲು ಹೋದೆ, ಒಲೆಗೆ ಒಡ್ಡಲು ಹೋದೆ. ಪದ್ಮಾ ನನ್ನನ್ನು ಭುಜದಿಂದ ನೂಕಿ, ಹುಲಿಗೆಮ್ಮನ ಎರಡೂ ಕೈಗಳನ್ನು ತನ್ನ ಕೋಟಿನೊಳಗೆ, ಕಂಕುಳಲ್ಲಿ ಇಟ್ಟುಕೊಂಡು ವೈದ್ಯರು ಬರುವವರೆಗೆ ಹಾಗೇ ನಿಂತಿದ್ದಳು. ಆ ಹೊತ್ತಿನಲ್ಲೂ ನಾನು ಏನು ಯೋಚಿಸುತ್ತಿದ್ದೆ ಗೊತ್ತೆ? ಈಕೆ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು. ಅಕ್ಟೋಬರಿನ ಮಾತು ಎತ್ತುತ್ತಾಳೆಂದು ಕಾದೆ. ಎತ್ತಲಿಲ್ಲ. ನನಗೆ ಅದೂ ಅನುಮಾನವೇ ಆಯಿತು.

ಊರಿಗೆ ಬಂದ ಮೇಲೆ ಪ್ರಿನ್ಸಿಪಾಲರು ದೂರು ಸಿದ್ಧಪಡಿಸಿದರು. ಆತಿಥೇಯರು ಚಳಿಯ ಬಗ್ಗೆ ಒಂದು ಮಾತೂ ಹೇಳಲಿಲ್ಲ, ಒಣ ಉಡುಪು ಕೊಡಲಿಲ್ಲ ಎಂದು ಅದರಲ್ಲಿದೆ. ಮಂಡಳಿ ಒಪ್ಪಿದರೆ ಪದ್ಮಾ ಕೆಲಸ ಕಳೆದುಕೊಳ್ಳುತ್ತಾಳೆ, ಅವರ ಹುಡುಗಿಯರು ಮೂರು ವರ್ಷ ಆಡುವಂತಿಲ್ಲ. "ಅಂಬ್ರಮ್ಮ, ನೀವು ಬರೇ ಹೌದು ಅಂತ ಹೇಳ್ರಿ ಸಾಕು, ಉಳದದ್ದು ನಾವು ನೋಡ್ಕೋತೀವಿ" ಎಂದರು. ನೋಡಿಕೊಳ್ಳುತ್ತೇವೆ ಎಂದವರ ಕಣ್ಣು ಮೇಜಿನ ಮೇಲಿತ್ತು. ಅವರಿಗೆ ಗೊತ್ತು. ನನಗೆ ಗೊತ್ತಿರುವುದೂ ಅವರಿಗೆ ಗೊತ್ತು.

ಈ ನಡುವೆ ಹುಲಿಗೆಮ್ಮ ಮಂಡಳಿಗೆ ತನ್ನ ಹೇಳಿಕೆ ಕಳಿಸಿದ್ದು ತಿಳಿಯಿತು. ಎಡಗೈಯಲ್ಲಿ ಬರೆದದ್ದು, ಅಕ್ಷರ ಅಡ್ಡಾದಿಡ್ಡಿ. ಕೈಗವಸನ್ನು ತಾನೇ ಒದ್ದೆ ಮಾಡಿಕೊಂಡೆ, ಅಂಬ್ರಕ್ಕ ಅಲ್ಲಿರಲಿಲ್ಲ ಎಂದು ಬರೆದಿದ್ದಳು. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಇವಳಿಗೆ ನನ್ನಿಂದ ಏನು ಬೇಕಾಗಿದೆ, ಮುಂದೆ ಇದನ್ನು ಹಿಡಿದು ಏನು ಕೇಳುತ್ತಾಳೆ ಎಂದು ಅಲ್ಲೂ ಲೆಕ್ಕ ಹಾಕುತ್ತಿದ್ದೆ. ತಡೆಯಲಾರದೆ ಅವಳ ಮನೆಗೇ ಹೋದೆ. ಬ್ಯಾಂಡೇಜಿನ ಕೈಯನ್ನು ಸೆರಗಿನಡಿ ಸರಿಸಿ ಕೂತಿದ್ದಳು, ನನಗೆ ಕಾಣಬಾರದೆಂದು. ಯಾಕೆ ಸುಳ್ಳು ಬರೆದೆ ಎಂದು ಕೇಳಿದೆ. "ನಾಕು ವರ್ಷ ನನ್ ಕೈಗ ನೀನ ಕಟ್ಟೀದಿ ಅಕ್ಕಾ. ನೀ ಬೇಕಂತ ಮಾಡ್ತಿಯೇನು?" ಎಂದಳು. ಅಷ್ಟೇ. ನಾನು ಆ ಮನೆಯ ಹೊಸ್ತಿಲಲ್ಲಿ ಕೂತು ಮಕ್ಕಳ ಹಾಗೆ ಅತ್ತೆ. ಜಗತ್ತಿನ ಮೇಲೆಲ್ಲ ಸಂಶಯ ಪಡುವ ನನ್ನ ಮೇಲೆ, ಬೆರಳು ಕಳೆದುಕೊಂಡ ಮೇಲೂ, ಆ ಹುಡುಗಿಗೆ ಒಂದು ಚೂರು ಸಂಶಯ ಬಂದಿರಲಿಲ್ಲ.

ನಾಳೆ ಬೆಳಿಗ್ಗೆ ಮಂಡಳಿಯ ಮುಂದೆ ನಿಂತು, ಪದ್ಮಾ ಮೂರು ಸಲ ಬಂದಳು, ಮೂರು ಸಲವೂ ತಿರುಗಿಸಿ ಕಳಿಸಿದವಳು ನಾನು ಎಂದು ಹೇಳಬೇಕೆಂದಿದ್ದೇನೆ. ಅಕ್ಟೋಬರಿನ ಸುಳ್ಳನ್ನೂ ಹೇಳಬೇಕೆಂದಿದ್ದೇನೆ. ಹೇಳಿದರೆ ನನ್ನನ್ನು ಈ ಕೋಣೆಯಿಂದ ಹೊರಗೆ ಹಾಕಿ, ಯಾವ ಮೈದಾನಕ್ಕೂ ಕಾಲಿಡಬಾರದವರ ಪಟ್ಟಿಯಲ್ಲಿ ಹೆಸರು ಸೇರಿಸುತ್ತಾರೆ. ಆ ಪಟ್ಟಿಯನ್ನು ಮಂಡಳಿ ಕಲ್ಲಿನಲ್ಲಿ ಕೆತ್ತಿಸುತ್ತದೆ, ಆದ್ದರಿಂದ ನಿಮ್ಮ ಕಾಲಕ್ಕೂ ಉಳಿದಿರುತ್ತದೆ. ಇಪ್ಪತ್ತಾರು ವರ್ಷದ ಕೆಲಸ ಬಿಟ್ಟರೆ ನನಗೆ ಬೇರೆ ಬದುಕು ಗೊತ್ತಿಲ್ಲ. ಇಂದು ಧೈರ್ಯವಿದೆ. ಪ್ರಿನ್ಸಿಪಾಲರು ಪಕ್ಕದಲ್ಲಿ ಕೂತು ಕೆಮ್ಮಿದಾಗ ಉಳಿದಿರುತ್ತದೆಯೇ ಎಂದು ನನಗೆ ನನ್ನ ಮೇಲೇ ನಂಬಿಕೆಯಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದೇ ಬಿನ್ನಹ. ಇದನ್ನು ಓದಿ ಮುಗಿಸಿದ ಮೇಲೆ ಹೋಗಿ ಆ ಕಲ್ಲನ್ನು ನೋಡಿ. ೨೨೧೭ನೇ ಇಸವಿಯ ಕೆಳಗೆ ಅಂಬ್ರಮ್ಮ, ರಾಯಚೂರು ಎಂದು ಇದ್ದರೆ, ನನ್ನ ಪರವಾಗಿ ಅದರ ಮೇಲಿನ ದೂಳು ಒರೆಸಿ, ಖುಷಿಪಡಿ. ಇಲ್ಲದಿದ್ದರೆ, ನನ್ನ ಬಗ್ಗೆ ನಾನು ಇಲ್ಲಿ ಬರೆದುಕೊಂಡ ಒಳ್ಳೆಯ ಮಾತು ಯಾವುದನ್ನೂ ನಂಬಬೇಡಿ. ಹುಲಿಗೆಮ್ಮನ ಮೂರು ಬೆರಳು ಮಾತ್ರ ನಿಜ.

ಅಂಬ್ರಮ್ಮ