ಅಮ್ಮನಿಗೆ ಓದಿ ಹೇಳಿದ ಧಾರಾವಾಹಿ

ಮಾರ್ಚ್ ಹನ್ನೆರಡು, ಬುಧವಾರ
ಲಾಂಡ್ರಿಯಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ

ಪ್ರೀತಿಯ ಅಕ್ಕಾ,

ಲಕೋಟೆಯ ಮೇಲೆ ನನ್ನ ಕಾಗೆಕಾಲಿನ ಅಕ್ಷರ ಕಂಡು ನಿನ್ನ ಎದೆ ಧಸಕ್ಕೆಂದಿರಬೇಕು. ಗಾಬರಿಯಾಗಬೇಡ, ಅಮ್ಮ ಚೆನ್ನಾಗಿದ್ದಾಳೆ. ಈಗಷ್ಟೇ ಒಂದು ಶರಟಿನ ಕಾಲರ್ ಮುಟ್ಟಿ ನೋಡಿ, “ಇದಕ್ಕೆ ಗಂಜಿ ಹಾಕಿದ್ಯೋ ಸಿಮೆಂಟ್ ಹಾಕಿದ್ಯೋ?” ಎಂದು ಬೈದು ಒಳಗೆ ಹೋಗಿ ಮಲಗಿದಳು. ನೀನು ಹೋಗಿ ಆರು ವರ್ಷವಾಯಿತು, ಇದು ನನ್ನ ಮೊದಲ ಪತ್ರ. ತಡವಾಯಿತು, ಕ್ಷಮಿಸು ಎನ್ನುವುದಕ್ಕೂ ನಾಚಿಕೆ. ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು. ಬಾಯಲ್ಲಿ ಹೇಳಲು ಹೋಗಿದ್ದರೆ ಏನೋ ಒಂದು ಹೇಳಿ ತೇಲಿಸಿಬಿಡುತ್ತಿದ್ದೆ. ನನ್ನ ಬಾಯಿ ನಿನಗೆ ಗೊತ್ತೇ ಇದೆ.

ಮೊದಲು ವಿಷಯಕ್ಕೆ ಬರುತ್ತೇನೆ. ಅಮ್ಮನ ಬಲಗಣ್ಣು ಹೋದ ವರ್ಷವೇ ಹೋಯಿತು. ಎಡಗಣ್ಣಿನಲ್ಲಿ ನಡುವಿನದೆಲ್ಲ ಮಸುಕು, ಅಂಚಿನಲ್ಲಿದ್ದದ್ದು ಮಾತ್ರ ಕಾಣುತ್ತದೆ. ಕಣ್ಣಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ಇನ್ನು ನಾಲ್ಕೈದು ತಿಂಗಳು. ಅವರಿಗೆ ಏನಾದ್ರೂ ತೋರಿಸೋದಿದ್ರೆ ಈಗಲೇ ತೋರಿಸಿಬಿಡಿ” ಅಂದರು. ಹೊರಗೆ ಬಂದು ಸ್ಟಾಪಿನಲ್ಲಿ ನಿಂತಾಗ, “ಏನಾದ್ರೂ ನೋಡಬೇಕು ಅನ್ಸುತ್ತೇನಮ್ಮಾ?” ಎಂದು ಕೇಳಿದೆ. “ನೋಡೋಕೆ ಏನಿದೆ ಮಣ್ಣು. ಬಸ್ ಬಂತಾ ನೋಡು” ಅಂದಳು.

ಅವಳು ನಿನ್ನ ಸುದ್ದಿ ಎತ್ತುವುದಿಲ್ಲ. ನೀನು ಈ ಕಡೆ ತಲೆ ಹಾಕುವುದಿಲ್ಲ. ನಿನ್ನದು ತಪ್ಪು ಎನ್ನಲಾರೆ. ಈ ಲಾಂಡ್ರಿ ಮುಚ್ಚಿ ಇಬ್ಬರೂ ನನ್ನ ಜೊತೆ ಬಂದುಬಿಡಿ ಎಂದು ನೀನು ಅಂದದ್ದಕ್ಕೆ, “ನನ್ನ ಕಣ್ಣೆದುರಿಗೆ ನಿಲ್ಲಬೇಡ” ಎಂದು ಕೂಗಿದವಳು ಅವಳೇ. ಮರುವರ್ಷ ಅವಳ ಸೊಂಟದ ಆಪರೇಷನ್ ಆದಾಗ ನೀನೇ ಸೋತು ನನಗೆ ಫೋನ್ ಮಾಡಿ, “ಬರ್ಲಾ? ಅಮ್ಮನ್ನ ಕೇಳು” ಅಂದೆ. ಆಗಲೂ ನಿನಗೆ ಬೇಡ ಎಂಬ ಉತ್ತರವೇ ಸಿಕ್ಕಿತು. ಅಷ್ಟಾದ ಮೇಲೆ ಬಾ ಎನ್ನಲು ನನಗೆ ಯಾವ ಮುಖವಿದೆ? ಆದರೂ ಬಾ ಎನ್ನಲೆಂದೇ ಬರೆಯುತ್ತಿದ್ದೇನೆ.

ಅದಕ್ಕೆ ಮುಂಚೆ ನಮ್ಮ ಮನೆಯ ಧಾರಾವಾಹಿ ಪುರಾಣ ಕೇಳು. ನಗಬೇಡ. ಕಣ್ಣು ಮಂಜಾದ ಮೇಲೆ ಅಮ್ಮನಿಗೆ ಹೊತ್ತೇ ಹೋಗುತ್ತಿರಲಿಲ್ಲ. ನಮ್ಮ ಭಾಷೆಯ ಧಾರಾವಾಹಿ ಹಾಕಿದರೆ, “ಎಲ್ಲಾ ಕಿರುಚ್ತಾರೆ, ಯಾರೂ ಮಾತಾಡಲ್ಲ” ಎಂದು ಮುಖ ತಿರುಗಿಸುತ್ತಿದ್ದಳು. ಒಂದು ದಿನ ಫೋನಿನಲ್ಲಿ ಏನನ್ನೋ ಒತ್ತಲು ಹೋಗಿ ಏನನ್ನೋ ಒತ್ತಿದೆ, ಕೊರಿಯಾದ್ದೊಂದು ಶುರುವಾಯಿತು. ಆ ಭಾಷೆ ನನಗೂ ಬಾರದು, ಅವಳಿಗೂ ಬಾರದು. ಕೆಳಗೆ ನಮ್ಮ ಅಕ್ಷರದಲ್ಲಿ ಮಾತು ಮೂಡುತ್ತದಲ್ಲ, ಅದನ್ನು ಓದಿ ಹೇಳಿದೆ. ಅಮ್ಮ ಅಲ್ಲಾಡದೆ ಕೇಳಿದಳು. ಅಂದಿನಿಂದ ಮಧ್ಯಾಹ್ನ ಮೂರಾಯಿತೆಂದರೆ ಫೋನು ಗಂಜಿ ಡಬ್ಬಕ್ಕೆ ಒರಗಬೇಕು. ಅವಳು ಲಾಡ್ಜಿನ ದಿಂಬಿನ ಕವರುಗಳನ್ನು ತಡವಿ ತಡವಿ ಮಡಿಸುತ್ತಾಳೆ, ನಾನು ಇಸ್ತ್ರಿ ತಿಕ್ಕುತ್ತ ಓದುತ್ತೇನೆ. ಗಂಡಸಿಗೆ ಗಂಡು ದನಿ, ಅತ್ತೆಗೆ ಅತ್ತೆ ದನಿ. ಈವರೆಗೆ ಎರಡು ಬೆಡ್‌ಶೀಟ್ ಸುಟ್ಟಿದ್ದೇನೆ, ಒಂದು ಮದುವೆಯ ಸೀನಿನಲ್ಲಿ, ಇನ್ನೊಂದು ಸಾವಿನ ಸೀನಿನಲ್ಲಿ.

ಕಣ್ಣಿಲ್ಲದಿದ್ದರೇನು, ನಟನೆಯನ್ನು ಅವಳ ಹಾಗೆ ಜಾಲಾಡುವವರಿಲ್ಲ. ಊರ ಹುಡುಗಿಯರೆಲ್ಲ ಫೋನಿನ ಮೇಲೆ ಚಿತ್ರ ಹಾಕಿಕೊಂಡಿರುವ ಒಬ್ಬ ನಾಯಕ ಬಿಕ್ಕಿ ಬಿಕ್ಕಿ ಅಳುವಾಗ, “ಇವನಿಗೆ ನೆಗಡಿ ಆಗಿದೆ ಅಷ್ಟೆ, ದುಃಖ ಆಗಿಲ್ಲ” ಅಂದಳು. ಜಪಾನಿನದೊಂದರಲ್ಲಿ ಒಬ್ಬ ಮುದುಕ ಕಂತಿಗೆ ನಾಲ್ಕೇ ಮಾತಾಡುತ್ತಾನೆ. ಅವನು ಚಹಾ ಬಟ್ಟಲನ್ನು ಮೇಜಿನ ಮೇಲಿಟ್ಟ ಸದ್ದಿಗೆ ಅಮ್ಮನ ಕಣ್ಣಲ್ಲಿ ನೀರು. “ಹೆಂಡತಿ ಇನ್ನು ಬರಲ್ಲ ಅಂತ ಅವನಿಗೆ ಈಗ ಗೊತ್ತಾಯ್ತು ಕಣೇ. ಹೇಗೆ ಇಟ್ಟ ನೋಡು ಬಟ್ಟಲನ್ನ.” ಕಣ್ಣಿದ್ದ ನಾನು ಬಟ್ಟಲನ್ನೇ ಗಮನಿಸಿರಲಿಲ್ಲ. ಚೀನಾದ ರಾಜರಾಣಿಯರ ಕಥೆ ಮಾತ್ರ ಅವಳಿಗೆ ಆಗಿಬರುವುದಿಲ್ಲ. ಉಡುಪನ್ನು ನಾನು ವರ್ಣಿಸಿದ ಕೂಡಲೇ, “ಅಷ್ಟೂ ಬಟ್ಟೆ ಒಗೆಯೋರು ಯಾರೇ?” ಎನ್ನುತ್ತಾಳೆ.

ಆಮೇಲೆ ಬಂತು ನೋಡು ಕೊರಿಯಾದ್ದೇ ಇನ್ನೊಂದು ಕಥೆ. ದೋಣಿ ರಿಪೇರಿ ಮಾಡುವ ಒಬ್ಬ ವಿಧವೆ, ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಎರಡನೇ ಕಂತಿನಲ್ಲೇ ದೊಡ್ಡವಳು ತಾಯಿಯ ಜೊತೆ ಜಗಳವಾಡಿ ಮನೆ ಬಿಡುತ್ತಾಳೆ. ಅಂದಿನಿಂದ ಅಮ್ಮನದು ದಿನಾ ಒಂದೇ ಪ್ರಶ್ನೆ: “ದೊಡ್ಡವಳು ಬಂದ್ಲಾ?” ಆ ಪಾತ್ರದ ನಟಿಯನ್ನು ಹೊಗಳಿದ್ದೇ ಹೊಗಳಿದ್ದು. “ಮಾತಿಗೆ ಮುಂಚೆ ಒಂದು ಉಸಿರು ಎಳ್ಕೋತಾಳೆ. ಜಗಳಕ್ಕೆ ಅಂತ ಬಾಯಿ ತೆಗೆದು, ನುಂಗಿಕೊಂಡು, ಬೇರೇನೋ ಹೇಳ್ತಾಳೆ” ಅಂದಳು. ಅದು ಯಾರ ಉಸಿರು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹದಿನಾಲ್ಕನೇ ಕಂತಿನಲ್ಲಿ ದೊಡ್ಡವಳು ಕೈಚೀಲ ಹಿಡಿದು ಬಂದು ಬಾಗಿಲಲ್ಲಿ ನಿಂತಳು. “ಬಂದ್ಲಮ್ಮ” ಅಂದೆ. ಅಮ್ಮ ಮಡಿಸುವುದನ್ನು ನಿಲ್ಲಿಸಿದಳು. ಆ ತಾಯಿ ಬಾಯಿ ತೆರೆದಳು, ಕೆಳಗೆ ಅಕ್ಷರ ಮೂಡಿತು: ನನಗಿರುವುದು ಒಬ್ಬಳೇ ಮಗಳು, ನೀನು ಯಾರು? ಅಕ್ಕಾ, ಅಮ್ಮನ ಮುಖ ನೋಡಿಕೊಂಡು ಅದನ್ನು ಓದಲು ನನ್ನಿಂದಾಗಲಿಲ್ಲ. “ಬಂದ್ಯಾ ಮಗಳೇ? ಊಟ ಆಯ್ತಾ?” ಎಂದು ಓದಿಬಿಟ್ಟೆ.

ಅಮ್ಮ ಕೈಯಲ್ಲಿದ್ದ ಕವರನ್ನು ಮಡಿಲಲ್ಲಿಟ್ಟುಕೊಂಡು, “ಅಬ್ಬಬ್ಬಾ, ಏನು ನಟನೆ! ಊಟ ಆಯ್ತಾ ಅನ್ನೋದನ್ನ ಬಾಗಿಲು ಮುಚ್ಚೋ ಹಾಗೆ ಹೇಳಿದ್ಲಲ್ಲೇ. ತಾಯಿ ಅಂದ್ರೆ ಅವಳು. ಒಳಗೆ ಅಷ್ಟು ಪ್ರೀತಿ, ಹೊರಗೆ ಬರೋಕೆ ಜಂಬ” ಅಂದಳು.

ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುವುದು ಸುಳ್ಳಲ್ಲ. ಅಲ್ಲಿಂದ ಇಡೀ ಕಥೆಗೆ ನಾನೇ ಗತಿಯಾದೆ. ಪರದೆಯ ಮೇಲೆ ದೊಡ್ಡವಳು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ, ನನ್ನ ಓದಿನಲ್ಲಿ ತಾಯಿಮನೆಯ ಹಿಂದಿನ ಕೋಣೆಯಲ್ಲಿ ಹಾಯಾಗಿದ್ದಾಳೆ. ಅವಳು ಅತ್ತರೆ ಈರುಳ್ಳಿ ಹೆಚ್ಚುತ್ತಿದ್ದಾಳೆ ಎನ್ನುತ್ತಿದ್ದೆ. “ಎಷ್ಟು ಈರುಳ್ಳಿ ಹೆಚ್ತಾಳೇ ಇವಳು? ಸೋಮವಾರದಿಂದ ಹೆಚ್ತಾನೇ ಇದಾಳೆ!” ಎಂದು ಅಮ್ಮ ಒಮ್ಮೆ ಕೇಳಿಯೇಬಿಟ್ಟಳು. ಮನೆ ತುಂಬ ನೆಂಟರು ಬಂದಿದ್ದಾರೆ ಎಂದು ಜಾರಿಕೊಂಡೆ. ಆ ಎರಡು ವಾರ ಅವಳು ಎಷ್ಟು ಖುಷಿಯಾಗಿದ್ದಳೆಂದರೆ, ನನಗೆ ಪಾಪ ಮಾಡಿದೆ ಎಂದೇ ಅನ್ನಿಸಲಿಲ್ಲ.

ಹೋದ ಶುಕ್ರವಾರ ನಮ್ಮ ಬಸ್ಸಿನ ಕಂಡಕ್ಟರ್ ಯೂನಿಫಾರ್ಮಿಗೆ ಬಂದ. ಪ್ಯಾಂಟು ಇನ್ನೂ ಆಗಿರಲಿಲ್ಲ, ಸ್ಟೂಲಿನ ಮೇಲೆ ಕುಳಿತ. ಆ ಪುಣ್ಯಾತ್ಮ ಕೊನೇ ಸ್ಟಾಪಿನಲ್ಲಿ ಬಸ್ಸು ನಿಂತಾಗಲೆಲ್ಲ ಇದೇ ಧಾರಾವಾಹಿ ನೋಡುತ್ತಾನಂತೆ! ನಾನು ಓದುತ್ತಿದ್ದುದನ್ನು ಕೇಳಿದ್ದೇ, “ಏನಮ್ಮಾ ಇದು, ಹಾಗೆಲ್ಲಿದೆ? ಅವಳನ್ನ ಮನೆಗೇ ಸೇರಿಸಿಲ್ವಲ್ಲ ಅವಳಮ್ಮ! ನೀನು ಯಾರು ಅಂದು ಆಗಲೇ ಬಾಗಿಲು ಹಾಕಿದ್ಲಲ್ಲ!” ಅಂದ. ನಾನು ಅವನ ಕಾಲು ತುಳಿದೆ. “ಕಾಲು ಯಾಕೆ ತುಳೀತೀರಿ?” ಎಂದು ಅದನ್ನೂ ಬೀದಿಗೆ ಕೇಳುವ ಹಾಗೆ ಕೂಗಿದ. ಅರ್ಧ ಇಸ್ತ್ರಿಯಾದ ಪ್ಯಾಂಟನ್ನೇ ಅವನ ಕೈಗೆ ತುರುಕಿ ಕಳಿಸಿದೆ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಂದೇ ದಿಂಬಿನ ಕವರನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಒಂದು ಮಾತು ಕೇಳಿದಳು. ಇಸ್ತ್ರಿ ಕಾದುಹೋಗಿದೆ ಎಂದು ಹೇಳಿ ನಾನು ಬೆನ್ನು ಹಾಕಿದೆ. ಅವಳು ಕೇಳಿದ್ದೇನು ಎಂದು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಐದು ದಿನವಾಯಿತು, ಫೋನನ್ನು ಡಬ್ಬಕ್ಕೆ ಒರಗಿಸಲು ಬಿಡುತ್ತಿಲ್ಲ.

ಅಕ್ಕಾ, ಬಂದು ಹೋಗು. ಅವಳಿಗೆ ಇರುವುದು ಇಷ್ಟೇ ಬೆಳಕು. ಬಂದಾಗ ನೆಟ್ಟಗೆ ಎದುರಿಗೆ ನಿಲ್ಲಬೇಡ, ಅಲ್ಲಿ ಅವಳಿಗೆ ಮಸುಕು. ಅವಳ ಎಡಕ್ಕೆ, ಕಿಟಕಿಯ ಕಡೆ ಒಂದು ಹೆಜ್ಜೆ ಸರಿದು ನಿಲ್ಲು, ಮುಖ ಪೂರ್ತಿ ಕಾಣುತ್ತದೆ. ನಾನು ದಿನಾ ಅಲ್ಲೇ ನಿಂತು ಪರೀಕ್ಷೆ ಮಾಡಿದ್ದೇನೆ.

ನಿನ್ನ ಮೊಣಕಾಲು ನೋವು ಹೇಗಿದೆ? ಭಾರ ಎತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಚಿಕ್ಕವಳು ನಾನು, ನೀನೇ ನನ್ನನ್ನು ಹರಸಬೇಕು. ಕೆಳಗಿನದನ್ನು ಓದಿದ ಮೇಲೂ ಹರಸುವ ಮನಸ್ಸಾದರೆ ಹರಸು.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಅಮ್ಮ ಕೇಳಿದ್ದು ಇದು: “ಅವತ್ತು ಆಸ್ಪತ್ರೆಲಿ ಅವಳ ಫೋನ್ ಬಂತಲ್ಲ, ಆಗಲೂ ಹೀಗೇ ಓದಿ ಹೇಳಿದ್ಯೇನೇ?”

ಹೌದು ಅಕ್ಕಾ. ವಾರ್ಡಿನಲ್ಲಿ ಸಿಗ್ನಲ್ ಇರಲಿಲ್ಲ. ನಿನ್ನನ್ನು ಕಾಯಿಸಿ ಫೋನನ್ನು ಕಾರಿಡಾರಿನ ಕಿಟಕಿಯಲ್ಲಿಟ್ಟು ಒಳಗೆ ಹೋಗಿ, “ಅವಳು ಬರ್ಲಾ ಅಂತಾಳೆ” ಅಂದೆ. ಅಮ್ಮ ತಲೆ ಎತ್ತಲು ನೋಡಿದಳು. “ಬಾ ಅನ್ನು. ಈಗಲೇ ಹೊರಡು ಅನ್ನು” ಎಂದು ಹೇಳಿ, ತಲೆ ಕೆದರಿದೆ, ಬಾಚಣಿಗೆ ಕೊಡು ಅಂದಳು. ಹದಿನಾಲ್ಕು ದಿನದಿಂದ ಅವಳ ಮಲಮೂತ್ರ ತೆಗೆಯುತ್ತಿದ್ದವಳು ನಾನು. ನನ್ನನ್ನು ಕಂಡು ಒಂದು ದಿನವೂ ಅವಳ ಮುಖ ಹಾಗೆ ಅರಳಿರಲಿಲ್ಲ. ಹೊಟ್ಟೆಕಿಚ್ಚು ಅಕ್ಕಾ, ಅದಕ್ಕೆ ಬೇರೆ ಹೆಸರಿಲ್ಲ. ಕಾರಿಡಾರಿಗೆ ಬಂದು ನಿನಗೆ “ಬೇಡವಂತೆ” ಅಂದೆ. ಒಳಗೆ ಹೋಗಿ ಅವಳಿಗೆ “ರಜೆ ಸಿಗಲ್ಲವಂತೆ” ಅಂದೆ. ಅವಳು ಮೂರು ದಿನ ಬಾಚಣಿಗೆಯನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು.

ಅವಳು ಎದ್ದ ಮೇಲೆ ಈ ಪತ್ರವನ್ನು ಮೊದಲು ಅವಳಿಗೆ ಓದಿ ಹೇಳುತ್ತೇನೆ, ಒಂದಕ್ಷರ ಬಿಡದೆ. ಆಮೇಲೆ ಅಂಚೆಗೆ ಹಾಕುತ್ತೇನೆ. ನನ್ನನ್ನು ಕ್ಷಮಿಸುವುದು ಬಿಡುವುದು ನಿನಗೆ ಬಿಟ್ಟದ್ದು. ಅವಳ ಮಾತನ್ನು ಮಾತ್ರ ಅವಳು ಹೇಳಿದ ಹಾಗೇ ಈಗ ನಿನಗೆ ತಲುಪಿಸುತ್ತಿದ್ದೇನೆ, ಐದು ವರ್ಷ ತಡವಾಗಿ: ಬಾ ಅಂದಿದ್ದಾಳೆ. ಈಗಲೇ ಹೊರಡು ಅಂದಿದ್ದಾಳೆ.